ಕುಸಿದ ತಂಡ ಕಟ್ಟಲು ಮೂರು ದಾರಿ: ಎನ್‌ಬಿಎ ಜಿಎಂ ಕೆಲಸಕ್ಕೆ ಅಂಕ ಕೊಡುವುದು ಹೇಗೆ?

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ 2024-25ರ ಋತುವಿನಲ್ಲಿ ಯೂಟಾ ಜಾಝ್ ಆಡಿದ್ದು 82 ಪಂದ್ಯ, ಗೆದ್ದದ್ದು 17. ಇಡೀ ಲೀಗ್‌ಗೆ ಕೊನೆ. ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವುದು ಡ್ರಾಫ್ಟ್, ಒಂದೊಂದು ಸರದಿ ಒಂದು ಪಿಕ್; ಸೋತ ತಂಡಗಳಿಗೆ ಮೇಲಿನ ಸರದಿ ಹಂಚುವುದು ಲಾಟರಿ. ಕೊನೆಗಿದ್ದರೂ ಯೂಟಾಗೆ ಆ ಲಾಟರಿಯಲ್ಲಿ ಸಿಕ್ಕಿದ್ದು 5ನೇ ಪಿಕ್. ನಿಯಮದ ಪ್ರಕಾರ ಅದಕ್ಕಿಂತ ಕೆಳಗೆ ಬೀಳಲು ಸಾಧ್ಯವೇ ಇರಲಿಲ್ಲ. ಮೊದಲ ಪಿಕ್ ಹೋದದ್ದು 39 ಪಂದ್ಯ ಗೆದ್ದಿದ್ದ, ಬರೀ 1.8% ಅವಕಾಶವಿದ್ದ ಡಲ್ಲಾಸ್ ಮ್ಯಾವರಿಕ್ಸ್‌ಗೆ. ಅದೇ ತಂಡದ ಆಗಿನ ಜಿಎಂ (ಆಟಗಾರರನ್ನು ತರುವ, ಕಳಿಸುವ ಜನರಲ್ ಮ್ಯಾನೇಜರ್) ನಿಕೊ ಹ್ಯಾರಿಸನ್ ಮೂರು ತಿಂಗಳ ಹಿಂದಷ್ಟೇ ತಂಡದ ಸ್ಟಾರ್ ಲೂಕಾ ಡಾನ್ಚಿಚ್‌ರನ್ನು ಲೇಕರ್ಸ್‌ಗೆ ಟ್ರೇಡ್ ಮಾಡಿ ಅಭಿಮಾನಿಗಳಿಂದ ಬೈಸಿಕೊಂಡಿದ್ದರು. ಆ ಮೊದಲ ಪಿಕ್‌ನಲ್ಲಿ ಕೂಪರ್ ಫ್ಲ್ಯಾಗ್ ಬಂದರು ಅಂದ ಮಾತ್ರಕ್ಕೆ ಆ ಟ್ರೇಡ್ ಸರಿಯಾಯಿತೇ? ಆಗಲಿಲ್ಲ. ಯೂಟಾ 5ಕ್ಕೆ ಜಾರಿತು ಅಂದ ಮಾತ್ರಕ್ಕೆ ಅದರ ಯೋಜನೆ ಕೆಟ್ಟದ್ದಾಯಿತೇ? ಅದೂ ಇಲ್ಲ. ಯೂಟಾ ಎಡವಿದ್ದು ಬೇರೆ ಕಡೆ, ಅದಕ್ಕೆ ಆಮೇಲೆ ಬರೋಣ.

ಗೆಲುವು ಸೋಲಿನ ಪಟ್ಟಿ ನೋಡಿ ರೀಬಿಲ್ಡ್ ಮಾಡುವ ಜಿಎಂಗೆ ಅಂಕ ಕೊಟ್ಟರೆ ಅದೃಷ್ಟಕ್ಕೆ ಅಂಕ ಕೊಟ್ಟಂತೆ. ನೋಡಬೇಕಾದ್ದು ಎರಡು: ಸೋತ ಪ್ರತಿ ವರ್ಷಕ್ಕೆ ಕೈಗೆ ಏನು ಬಂತು, ಅದು ಯಾರ ಜೇಬಿನಿಂದ ಬಂತು. ತನ್ನ ಸೋಲನ್ನೇ ನೆಚ್ಚಿ ಕೂತ ಜಿಎಂ ಲಾಟರಿಯ ಚೆಂಡುಗಳಿಗೆ ಜುಟ್ಟು ಕೊಟ್ಟು ಕೂತಂತೆ. ಬೇರೆ ತಂಡಗಳ ನಾಳೆಯ ಸೋಲನ್ನು ಇವತ್ತೇ ಕೊಂಡಿಟ್ಟುಕೊಂಡವರಿಗೆ ಒಂದು ಪಿಕ್ ಕೈಕೊಟ್ಟರೂ ಇನ್ನೊಂದು ಕಾದಿರುತ್ತದೆ.

ದಾರಿ ಒಂದು: ತಳ ಮುಟ್ಟುವುದು

ಅನುಭವಿಗಳನ್ನೆಲ್ಲ ಕಳಿಸಿ, ಎಳೆಯ ತಂಡ ಇಳಿಸಿ, ಮೇಲಿನ ಪಿಕ್‌ಗೆ ಕಾಯುವುದು. ಟ್ಯಾಂಕಿಂಗ್ ಅನ್ನುವುದು ಇದನ್ನೇ. ಫಿಲಡೆಲ್ಫಿಯಾ ಸೆವೆಂಟಿಸಿಕ್ಸರ್ಸ್‌ನಲ್ಲಿ ಸ್ಯಾಮ್ ಹಿಂಕಿ 2013ರಿಂದ 2016ರವರೆಗೆ ಮಾಡಿದ್ದು ಈ ದಾರಿಯ ಕಟ್ಟಕಡೆಯ ರೂಪ. ಆ ಮೂರು ಋತುಗಳಲ್ಲಿ ಗೆಲುವು 19, 18, 10. ಒಟ್ಟು 246 ಪಂದ್ಯಗಳಲ್ಲಿ 47.

ಹಿಂಕಿ ಕಾಲದ ಲೆಕ್ಕ ಈಗ ನಡೆಯುವುದಿಲ್ಲ. ಆಗ ಕೊನೆಯ ತಂಡಕ್ಕೆ ಮೊದಲ ಪಿಕ್ ಸಿಗುವ ಅವಕಾಶ 25% ಇತ್ತು. 2019ರ ಲಾಟರಿಯಿಂದ ಕೆಳಗಿನ ಮೂರೂ ತಂಡಗಳಿಗೆ ತಲಾ 14% ಆಯಿತು. ಯಂತ್ರದೊಳಗೆ 14 ಚೆಂಡು, ಎತ್ತುವುದು 4. ಒಟ್ಟು 1001 ಜೋಡಣೆ ಸಾಧ್ಯ. ಒಂದನ್ನು ಬಿಟ್ಟು ಉಳಿದ 1000ವನ್ನು ಪ್ಲೇಆಫ್ ತಲುಪದ 14 ತಂಡಗಳಿಗೆ ಹಂಚುತ್ತಾರೆ. ಕೊನೆಯ ಮೂರಕ್ಕೆ ತಲಾ 140 ಜೋಡಣೆ. ಲಾಟರಿಯಲ್ಲಿ ತೀರ್ಮಾನವಾಗುವುದು ಮೊದಲ ನಾಲ್ಕು ಪಿಕ್ ಮಾತ್ರ, ಉಳಿದದ್ದು ಸೋಲಿನ ಕ್ರಮದಲ್ಲಿ. ಹಾಗಾಗಿ ಅತಿ ಕೆಟ್ಟ ದಾಖಲೆಯ ತಂಡ 5ನೇ ಪಿಕ್‌ಗೆ ಜಾರುವ ಸಾಧ್ಯತೆ 47.9%. ಹೆಚ್ಚುಕಡಿಮೆ ನಾಣ್ಯ ಚಿಮ್ಮಿದಂತೆ.

ಜಿಎಂ ಈ ಲೆಕ್ಕ ಅರಿತಿದ್ದಾರೋ ಇಲ್ಲವೋ ಎಂದು ಫೆಬ್ರವರಿಯಿಂದಾಚೆ ಗಮನಿಸಿ. ತಂಡ ಕೊನೆಯ ಮೂರರಲ್ಲಿ ಭದ್ರವಾಗಿ ಕೂತ ಮೇಲೆ ಇನ್ನಷ್ಟು ಸೋತು ಸಿಗುವುದು ಬೀಳುವ ಮಿತಿಯಲ್ಲಿ ಒಂದೆರಡು ಮೆಟ್ಟಿಲು, ಅಷ್ಟೇ: ಕೊನೆಯ ತಂಡ 5ಕ್ಕಿಂತ ಕೆಳಗೆ ಬೀಳದು, ಮೂರನೆಯದು 7ಕ್ಕಿಂತ ಕೆಳಗೆ ಬೀಳದು. ಇಷ್ಟಕ್ಕಾಗಿ ಇಪ್ಪತ್ತು ವರ್ಷದ ಹುಡುಗರಿಗೆ ಕೊನೆಯ ಎರಡು ತಿಂಗಳು ಅರ್ಥವಿಲ್ಲದ ಬ್ಯಾಸ್ಕೆಟ್‌ಬಾಲ್ ಆಡಿಸುವುದು ನಷ್ಟದ ವ್ಯಾಪಾರ.

ಮೇಲಿನ ಪಿಕ್ ಸಿಕ್ಕಿತೆಂದರೂ ಗೆದ್ದಂತಲ್ಲ. 2018ರಲ್ಲಿ ಡಿಆಂಡ್ರೆ ಏಟನ್ 1ನೇ, ಮಾರ್ವಿನ್ ಬ್ಯಾಗ್ಲಿ 2ನೇ ಪಿಕ್. ಅವರಿಬ್ಬರನ್ನೂ ಮೀರಿಸಿ ಬೆಳೆದ ಡಾನ್ಚಿಚ್ 3ನೇ, ಶೈ ಗಿಲ್ಜಸ್-ಅಲೆಕ್ಸಾಂಡರ್ 11ನೇ. 2020ರಲ್ಲಿ ಜೇಮ್ಸ್ ವೈಸ್‌ಮನ್ 2ನೇ, ಟೈರೀಸ್ ಹ್ಯಾಲಿಬರ್ಟನ್ 12ನೇ. ಜಿಎಂ ಕಣ್ಣು ಎಂಥದ್ದು ಎಂದು ತಿಳಿಯಲು ಮೊದಲ ಐದು ಪಿಕ್ ಬಿಟ್ಟು 11ರಿಂದ 60ರವರೆಗಿನ ಆಯ್ಕೆ ನೋಡುವುದು ವಾಸಿ. ಮೊದಲ ಐದರಲ್ಲಿ ಎಲ್ಲರೂ ಒಂದೇ ಪಟ್ಟಿಯಿಂದ ಆರಿಸುತ್ತಾರೆ.

ದಾರಿ ಎರಡು: ಸ್ಟಾರ್ ಮಾರಿ ಬೇರೆಯವರ ಪಿಕ್ ಕೂಡಿಡುವುದು

2019ರ ಜುಲೈಯಲ್ಲಿ ಒಕ್ಲಹೋಮ ಸಿಟಿ ಥಂಡರ್‌ನ ಸ್ಯಾಮ್ ಪ್ರೆಸ್ಟಿ ಪಾಲ್ ಜಾರ್ಜ್‌ರನ್ನು ಕ್ಲಿಪ್ಪರ್ಸ್‌ಗೆ ಕೊಟ್ಟರು. ಬದಲಿಗೆ ಬಂದದ್ದು ಶೈ, ಡನಿಲೊ ಗ್ಯಾಲಿನಾರಿ, ಮೊದಲ ಸುತ್ತಿನ ಐದು ಪಿಕ್, ಎರಡು ಸ್ವಾಪ್ (ಆ ವರ್ಷ ಎರಡು ತಂಡಗಳ ಪಿಕ್‌ಗಳಲ್ಲಿ ಮೇಲಿನದನ್ನು ಅದಲುಬದಲು ಮಾಡಿಕೊಳ್ಳುವ ಹಕ್ಕು). ಐದರಲ್ಲಿ ಎರಡು ಮಯಾಮಿಯವು, ಕ್ಲಿಪ್ಪರ್ಸ್ ಕೈಯಲ್ಲಿದ್ದವು. ಅಂದರೆ ಬೆಲೆ ಒಂದೇ ತಂಡದ ಭವಿಷ್ಯಕ್ಕೆ ಅಂಟಿಕೊಂಡಿರಲಿಲ್ಲ. ಕ್ಲಿಪ್ಪರ್ಸ್‌ನ 2022ರ ಪಿಕ್ 12ನೆಯದಾಗಿ ಬಂತು; ಅದರಲ್ಲಿ ಆರಿಸಿದ್ದು ಜೇಲನ್ ವಿಲಿಯಮ್ಸ್‌ರನ್ನು.

ಥಂಡರ್ ತಳ ಮುಟ್ಟಿದ್ದು ಎರಡೇ ಋತು: 22-50, 24-58. (ಅದೇ ಹೊತ್ತಿನಲ್ಲಿ, 2021ರ ಡಿಸೆಂಬರ್‌ನಲ್ಲಿ, ಮೆಂಫಿಸ್ ಎದುರು 73 ಅಂಕಗಳಿಂದ ಸೋತರು. ಎನ್‌ಬಿಎ ಚರಿತ್ರೆಯಲ್ಲೇ ಅತಿ ದೊಡ್ಡ ಅಂತರ.) ಆಮೇಲೆ 40, 57, 68 ಗೆಲುವು, 2025ರಲ್ಲಿ ಪ್ರಶಸ್ತಿ. ಶೈ ಟ್ರೇಡ್‌ನಲ್ಲಿ ಬಂದವರು, ವಿಲಿಯಮ್ಸ್ ಬೇರೆಯವರ ಪಿಕ್, ಲೂ ಡೋರ್ಟ್ ಡ್ರಾಫ್ಟ್‌ನಲ್ಲಿ ಯಾರೂ ಕೇಳದವರು, ಆರನ್ ವಿಗಿನ್ಸ್ 55ನೇ ಪಿಕ್. ತನ್ನ ಸೋಲಿನಿಂದ ನೇರವಾಗಿ ದಕ್ಕಿದ ದೊಡ್ಡ ಆಸ್ತಿ ಚೆಟ್ ಹೋಮ್‌ಗ್ರೆನ್ ಒಬ್ಬರೇ, 2022ರ 2ನೇ ಪಿಕ್. ಲಾಟರಿ ಅಂದು ಕೈಕೊಟ್ಟಿದ್ದರೂ ಯೋಜನೆ ಕುಸಿಯುತ್ತಿರಲಿಲ್ಲ. ಪ್ರೆಸ್ಟಿಗೆ ನಾವು ಕೊಡುವ ಅಂಕದ ದೊಡ್ಡ ಪಾಲು ಇದಕ್ಕೇ.

ದಾರಿ ಮೂರು: ತಳಕ್ಕಿಳಿಯದೆ ಒಂದೊಂದೇ ಕೊಂಡಿ ಬದಲಿಸುವುದು

ಇಂಡಿಯಾನಾ ಪೇಸರ್ಸ್‌ನ ಕೆವಿನ್ ಪ್ರಿಚರ್ಡ್ 2017ರಲ್ಲಿ ಇದೇ ಪಾಲ್ ಜಾರ್ಜ್‌ರನ್ನು ಥಂಡರ್‌ಗೆ ಕೊಟ್ಟು ವಿಕ್ಟರ್ ಓಲಡಿಪೊ, ಡೊಮಂಟಾಸ್ ಸಬೋನಿಸ್‌ರನ್ನು ತಂದಿದ್ದರು. 2022ರ ಫೆಬ್ರವರಿಯಲ್ಲಿ ಸಬೋನಿಸ್ ಹೋಗಿ ಹ್ಯಾಲಿಬರ್ಟನ್ ಬಂದರು. 2024ರ ಜನವರಿಯಲ್ಲಿ ಪಾಸ್ಕಲ್ ಸಿಯಾಕಮ್. ಒಬ್ಬನೇ ಆಟಗಾರನನ್ನು ಎರಡು ತಂಡ ಒಂದಾದ ಮೇಲೊಂದು ಮಾರಿದವು, 2025ರ ಫೈನಲ್‌ನಲ್ಲಿ ಆ ಎರಡೇ ತಂಡ ಎದುರುಬದುರಾದವು.

ಈ ದಾರಿಯ ಕಸುಬು ಕಾಣುವುದು ಸಣ್ಣ ಒಪ್ಪಂದಗಳಲ್ಲಿ. 2023ರ ಬೇಸಿಗೆಯಲ್ಲಿ ಪೇಸರ್ಸ್ ಬ್ರೂಸ್ ಬ್ರೌನ್‌ಗೆ ಎರಡು ವರ್ಷಕ್ಕೆ 4.5 ಕೋಟಿ ಡಾಲರ್ ಕೊಟ್ಟಾಗ ಹೆಚ್ಚಾಯಿತು ಅನಿಸಿತ್ತು. ಆದರೆ ಎರಡನೇ ವರ್ಷ ತಂಡದ ಆಯ್ಕೆಗೆ ಬಿಟ್ಟದ್ದು. ಬೇಡವೆಂದರೆ ಅಲ್ಲಿಗೇ ಕೊನೆ. ಸಂಬಳ ದೊಡ್ಡದು, ಬಾಧ್ಯತೆ ಚಿಕ್ಕದು. ಟ್ರೇಡ್‌ನಲ್ಲಿ ಎರಡೂ ಕಡೆಯ ಸಂಬಳ ಹತ್ತಿರ ಬರಬೇಕಲ್ಲ? ಆರು ತಿಂಗಳಲ್ಲಿ ಅದೇ ಒಪ್ಪಂದ ಸಿಯಾಕಮ್ ಟ್ರೇಡ್‌ನ ತಕ್ಕಡಿಗೆ ಬಿತ್ತು, ಜೊತೆಗೆ ಮೊದಲ ಸುತ್ತಿನ ಮೂರು ಪಿಕ್.

ಕೊಂಡಿ ಬದಲಿಸದೆ ನಡುವಿನಲ್ಲೇ ನಿಂತುಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಶಿಕಾಗೊ ಬುಲ್ಸ್ ನೋಡಿ: ಮೂರು ಋತುಗಳಲ್ಲಿ 40, 39, 39 ಗೆಲುವು. 2024ರ ಜೂನ್‌ನಲ್ಲಿ ಅಲೆಕ್ಸ್ ಕರೂಸೊರನ್ನು ಥಂಡರ್‌ಗೆ ಕೊಟ್ಟು ಜಾಶ್ ಗಿಡ್ಡಿಯನ್ನು ತಂದರು. ಮೇಲೊಂದು ಪಿಕ್ ಕೂಡ ಕೇಳಿ ಪಡೆಯಲಿಲ್ಲ. ಪಿಕ್‌ಗಳ ರಾಶಿಯ ಮೇಲೆ ಕೂತಿದ್ದ ತಂಡದಿಂದ ಪಿಕ್ ಬರದಿದ್ದರೆ ಅದು ಜಿಎಂ ಚೌಕಾಸಿಯ ಸೋಲು, ಗಿಡ್ಡಿ ಚೆನ್ನಾಗಿ ಆಡಿದರೂ.

ಲೆಕ್ಕದ ಹಾಳೆ

ನಿಮ್ಮ ತಂಡದ ಜಿಎಂ ಬಗ್ಗೆ ವಾದಕ್ಕಿಳಿಯುವ ಮೊದಲು ಒಂದು ಹಾಳೆಯಲ್ಲಿ ಐದು ಕಂಬ ಎಳೆಯಿರಿ: ತಾರೀಕು, ಕೊಟ್ಟದ್ದು, ಪಡೆದದ್ದು, ಷರತ್ತು, ಆ ಆಸ್ತಿ ಕೊನೆಗೆ ಯಾರ ಕೈಯಲ್ಲಿ ಏನಾಯಿತು. ಹೆಚ್ಚಿನವರು ಮರೆಯುವುದು ಕೊನೆಯದನ್ನು.

ಒಂದು ಸಾಲು ತುಂಬಿ ನೋಡೋಣ. 2015ರ ಜುಲೈಯಲ್ಲಿ ಸಂಬಳದ ಜಾಗ ಖಾಲಿ ಮಾಡಿಕೊಳ್ಳುವ ಗಡಿಬಿಡಿಯಲ್ಲಿದ್ದ ಸ್ಯಾಕ್ರಮೆಂಟೊ ಕಿಂಗ್ಸ್, ಕಾರ್ಲ್ ಲ್ಯಾಂಡ್ರಿ ಮತ್ತು ಜೇಸನ್ ಥಾಂಪ್ಸನ್ ಒಪ್ಪಂದಗಳನ್ನು ಸಿಕ್ಸರ್ಸ್‌ಗೆ ದಾಟಿಸಿತು. ಹೊರೆ ಹೊತ್ತದ್ದಕ್ಕೆ ಹಿಂಕಿ ಪಡೆದ ಕೂಲಿ: ನಿಕ್ ಸ್ಟೌಸ್ಕಸ್, ಮೊದಲ ಸುತ್ತಿನ ಒಂದು ಪಿಕ್, ಎರಡು ಸ್ವಾಪ್ ಹಕ್ಕು. ಖಾಲಿ ಕ್ಯಾಪ್ (ತಂಡದ ಒಟ್ಟು ಸಂಬಳಕ್ಕೆ ಲೀಗ್ ಹಾಕಿದ ಮಿತಿ) ಜಾಗವನ್ನು ಹಣದಂತೆ ಬಳಸುವುದು ಎಂದರೆ ಇದು. 2017ರಲ್ಲಿ ಸಿಕ್ಸರ್ಸ್‌ಗೆ 5ನೇ, ಕಿಂಗ್ಸ್‌ಗೆ 3ನೇ ಪಿಕ್ ಬಂತು. ಸ್ವಾಪ್ ಬಳಸಿ ಸಿಕ್ಸರ್ಸ್ 3ಕ್ಕೆ ಏರಿತು. ಅಷ್ಟರಲ್ಲಿ ಹಿಂಕಿ ಹೋಗಿ ವರ್ಷ ದಾಟಿತ್ತು. ಬಂದಿದ್ದ ಬ್ರಯಾನ್ ಕೊಲಾಂಜೆಲೊ ಆ 3ನೇ ಪಿಕ್ ಜೊತೆ ಮುಂದಿನ ಇನ್ನೊಂದು ಮೊದಲ ಸುತ್ತಿನ ಪಿಕ್ ಸೇರಿಸಿ ಬಾಸ್ಟನ್‌ಗೆ ಕೊಟ್ಟು, 1ನೇ ಪಿಕ್‌ನಲ್ಲಿ ಮಾರ್ಕೆಲ್ ಫುಲ್ಟ್ಜ್‌ರನ್ನು ಆರಿಸಿದರು. ಬಾಸ್ಟನ್ 3ರಲ್ಲಿ ಆರಿಸಿದ್ದು ಜೇಸನ್ ಟೇಟಮ್‌ರನ್ನು.

ಇಡೀ ಸಾಲನ್ನು ಹಿಂಕಿ ಖಾತೆಗೆ ಬರೆದು ಅವರ ದಾರಿ ಸೋತಿತು ಎನ್ನುವವರಿದ್ದಾರೆ. ಆಸ್ತಿ ಗಳಿಸಿದ್ದು ಒಬ್ಬರು, ಕೈಚೆಲ್ಲಿದ್ದು ಇನ್ನೊಬ್ಬರು. ಹಾಗೆಂದು ಹಿಂಕಿಯನ್ನು ಪೂರ್ತಿ ಬಿಡುವ ಹಾಗೂ ಇಲ್ಲ. 2014ರಲ್ಲಿ ಜೋಯೆಲ್ ಎಂಬೀಡ್, ಅದರ ಹಿಂದಿನ ವರ್ಷ ನರ್ಲೆನ್ಸ್ ನೋಯೆಲ್ ಇದ್ದರೂ 2015ರ 3ನೇ ಪಿಕ್‌ನಲ್ಲಿ ಮತ್ತೊಬ್ಬ ಸೆಂಟರ್ ಜಲೀಲ್ ಓಕಫೋರ್‌ರನ್ನು ಆರಿಸಿದರು. ಮೂವರೂ ಬಾಸ್ಕೆಟ್ ಪಕ್ಕದಲ್ಲೇ ನಿಲ್ಲುವವರು, ಒಬ್ಬರ ಜಾಗಕ್ಕೆ ಒಬ್ಬರು ಅಡ್ಡ. ಆಸ್ತಿ ಎಂದು ಕೊಂಡದ್ದು ಆಡಿಸದಿದ್ದರೆ ಬೆಲೆ ಕಳೆದುಕೊಳ್ಳುತ್ತದೆ. ನೋಯೆಲ್, ಓಕಫೋರ್ ಇಬ್ಬರೂ ಕೊನೆಗೆ ಹೋದದ್ದು ಕಡಿಮೆ ಬೆಲೆಗೆ.

ಪಿಕ್ ಎಣಿಸಬೇಡಿ, ತೂಗಿ

"ನಮ್ಮ ಹತ್ತಿರ ಹತ್ತು ಪಿಕ್ ಇದೆ" ಅನ್ನುವುದರಲ್ಲಿ ಹೆಚ್ಚೇನೂ ಇಲ್ಲ. ಯಾವ ತಂಡದ್ದು, ಯಾವ ವರ್ಷದ್ದು, ಪ್ರೊಟೆಕ್ಷನ್ (ಪಿಕ್ ಇಷ್ಟರೊಳಗೆ ಬಂದರೆ ಕೊಡಬೇಕಿಲ್ಲ ಎಂಬ ಷರತ್ತು) ಎಷ್ಟು ಎಂದು ಕೇಳಿ. ಥಂಡರ್‌ಗೆ ಬರಬೇಕಿದ್ದ ಸಿಕ್ಸರ್ಸ್‌ನ 2025ರ ಪಿಕ್‌ಗೆ ಮೊದಲ ಆರರ ಪ್ರೊಟೆಕ್ಷನ್ ಇತ್ತು. ಲಾಟರಿಯಲ್ಲಿ ಅದು 3ನೆಯದಾಯಿತು, ಸಿಕ್ಸರ್ಸ್ ತನ್ನ ಬಳಿಯೇ ಉಳಿಸಿಕೊಂಡಿತು. 7ನೆಯದಾಗಿದ್ದರೆ ಥಂಡರ್ ಪಾಲು.

ಪಿಕ್‌ಗಳು ಸಾಮಾನ್ಯವಾಗಿ ವರ್ಷ ಬಿಟ್ಟು ವರ್ಷ ಬರುವುದಕ್ಕೂ ಕಾರಣವಿದೆ. ಸ್ಟೆಪಿಯನ್ ನಿಯಮದ ಪ್ರಕಾರ ಮುಂದಿನ ಸತತ ಎರಡು ವರ್ಷ ಮೊದಲ ಸುತ್ತಿನ ಪಿಕ್ ಇಲ್ಲದ ಸ್ಥಿತಿಗೆ ತಂಡ ತನ್ನನ್ನು ತಂದುಕೊಳ್ಳುವಂತಿಲ್ಲ. ಏಳು ವರ್ಷಕ್ಕಿಂತ ಮುಂದಿನದನ್ನು ಮಾರುವಂತೆಯೂ ಇಲ್ಲ. ಅದಕ್ಕೇ ನಡುವಿನ ವರ್ಷಕ್ಕೆ ಸ್ವಾಪ್ ತುರುಕುತ್ತಾರೆ.

ಡ್ಯಾನಿ ಏಂಜ್ ಇದೇ ಅಚ್ಚಿನ ವ್ಯಾಪಾರವನ್ನು ಎರಡು ಊರಲ್ಲಿ ಮಾಡಿದ್ದಾರೆ, ಫಲ ಬೇರೆ ಬೇರೆ. 2013ರಲ್ಲಿ ಬಾಸ್ಟನ್‌ನಿಂದ ಕೆವಿನ್ ಗಾರ್ನೆಟ್, ಪಾಲ್ ಪಿಯರ್ಸ್‌ರನ್ನು ಬ್ರೂಕ್ಲಿನ್ ನೆಟ್ಸ್‌ಗೆ ಕೊಟ್ಟು 2014, 2016, 2018ರ ಪಿಕ್, 2017ರ ಸ್ವಾಪ್ ಪಡೆದರು. ಗಾರ್ನೆಟ್‌ಗೆ ಆಗ 37, ಪಿಯರ್ಸ್‌ಗೆ 35. ನೆಟ್ಸ್ ಮೂರು ವರ್ಷದಲ್ಲಿ ಕುಸಿಯುವುದು ಕಣ್ಣಿಗೆ ಕಾಣುತ್ತಿತ್ತು. 2016ರ ಪಿಕ್ 3ನೆಯದಾಗಿ ಜೇಲನ್ ಬ್ರೌನ್ ಬಂದರು. 2017ರ ಸ್ವಾಪ್ 1ನೆಯದಾಯಿತು, ಅದೇ ಮೇಲೆ ಹೇಳಿದ ಟೇಟಮ್ ಕಥೆ. 2022ರಲ್ಲಿ ಏಂಜ್ ಯೂಟಾದಲ್ಲಿದ್ದರು. ರೂಡಿ ಗೋಬೇರ್‌ರನ್ನು ಮಿನೆಸೋಟಾಗೆ ಕೊಟ್ಟು 2023, 2025, 2027, 2029ರ ಪಿಕ್, 2026ರ ಸ್ವಾಪ್, ಜೊತೆಗೆ ವಾಕರ್ ಕೆಸ್ಲರ್ ಸೇರಿ ಐವರನ್ನು ಪಡೆದರು. ಕಾಗದದ ಮೇಲೆ ಇದೇ ಭಾರೀ. ಆದರೆ ಮಿನೆಸೋಟಾದಲ್ಲಿ ಆಗಿನ್ನೂ 20 ವರ್ಷದ ಆಂಥನಿ ಎಡ್ವರ್ಡ್ಸ್ ಇದ್ದರು. 2024, 2025 ಎರಡೂ ವರ್ಷ ಆ ತಂಡ ವೆಸ್ಟ್ (ಪಶ್ಚಿಮ ವಿಭಾಗದ) ಫೈನಲ್ ತಲುಪಿತು. ಕೊಳ್ಳುವ ತಂಡದ ಮುಖ್ಯ ಆಟಗಾರನ ವಯಸ್ಸು 30 ದಾಟಿದ್ದರೆ ನಾಲ್ಕು ವರ್ಷದಾಚೆಯ ಪಿಕ್ ಚಿನ್ನ. 22ರೊಳಗಿದ್ದರೆ ಅದನ್ನು 20ನೇ ಸ್ಥಾನದ ಆಚೀಚಿನ ಪಿಕ್ ಎಂದೇ ಬರೆದುಕೊಳ್ಳಿ.

ಯೂಟಾ ಎಡವಿದ ಜಾಗವೂ ಇಲ್ಲೇ ಹತ್ತಿರ. ಸ್ಟಾರ್‌ಗಳನ್ನು ಮಾರಿದ ಮೇಲೆ 37 ಗೆದ್ದರು, ಮರುವರ್ಷ 31, ಆಮೇಲೆ 17. ತಳ ಮುಟ್ಟಲು ಮೂರನೇ ವರ್ಷದವರೆಗೆ ಕಾದರು. 2024ರ ಆಗಸ್ಟ್‌ನಲ್ಲಿ ಲೌರಿ ಮಾರ್ಕನನ್ ಒಪ್ಪಂದ ದೊಡ್ಡ ಮೊತ್ತಕ್ಕೆ ವಿಸ್ತರಿಸಿದರು, ಅದೂ ಆ ಋತುವಿನಲ್ಲಿ ಟ್ರೇಡ್ ಮಾಡಲಾಗದ ತಾರೀಕಿಗೆ. ಮುಂದಿನ ಮಾರ್ಚ್‌ನಲ್ಲಿ ಅದೇ ಮಾರ್ಕನನ್‌ರನ್ನು ಆಡಿಸದ ವಿಷಯದಲ್ಲಿ ಲೀಗ್ 1 ಲಕ್ಷ ಡಾಲರ್ ದಂಡ ಹಾಕಿತು. ಗೆಲ್ಲುವ ಆಟಗಾರನಿಗೆ ಸಂಬಳ, ಸೋಲಲು ವಿಶ್ರಾಂತಿ: ಎರಡು ದೋಣಿಯಲ್ಲಿ ಕಾಲಿಡುವುದು ಅಂದರೆ ಇದೇ.

ಗಡಿಯಾರ ಓಡುತ್ತಿರುತ್ತದೆ

ಮೊದಲ ಸುತ್ತಿನ ಆಟಗಾರನ ಒಪ್ಪಂದ ನಾಲ್ಕು ವರ್ಷದ್ದು. ಮೊದಲೆರಡು ಖಚಿತ, 3 ಮತ್ತು 4ನೆಯದು ತಂಡದ ಆಯ್ಕೆ. ಮೂರು ಋತು ಮುಗಿದೊಡನೆ ವಿಸ್ತರಣೆಯ ಮಾತು ಶುರು. ಹೊಸ ಒಪ್ಪಂದ ಸ್ಯಾಲರಿ ಕ್ಯಾಪ್‌ನ 25%ವರೆಗೆ, ಪ್ರಶಸ್ತಿಗಳ ಷರತ್ತು ದಾಟಿದರೆ 30%ವರೆಗೆ ಹೋಗಬಹುದು. 2025-26ರಲ್ಲಿ ಕ್ಯಾಪ್ 15.46 ಕೋಟಿ ಡಾಲರ್, ಅದಕ್ಕೂ ಮೇಲೆ, ದಾಟಿದರೆ ಕಟ್ಟುಪಾಡು ಬೀಳುವ ಗೆರೆಯಾದ ಎರಡನೇ ಏಪ್ರನ್ 20.78 ಕೋಟಿ. ಈ ಏಪ್ರನ್ ದಾಟಿದ ತಂಡ ಇಬ್ಬರ ಸಂಬಳ ಕೂಡಿಸಿ ಒಬ್ಬನನ್ನು ತರುವಂತಿಲ್ಲ, ಮುಂದಿನ ಏಳನೇ ವರ್ಷದ ಮೊದಲ ಸುತ್ತಿನ ಪಿಕ್ಕನ್ನೂ ಮಾರುವಂತಿಲ್ಲ. ಗಾಳಿ ಬಂದಾಗ ತೂರಿಕೊಳ್ಳಬೇಕಾದ ಅವಧಿ ಹೀಗೆ ಎರಡು ಮೂರು ವರ್ಷ ಮಾತ್ರ. ಥಂಡರ್ ಪ್ರಶಸ್ತಿ ಗೆದ್ದಾಗ ವಿಲಿಯಮ್ಸ್, ಹೋಮ್‌ಗ್ರೆನ್ ಇಬ್ಬರೂ ಮೊದಲ ಒಪ್ಪಂದದ ಅಗ್ಗದ ಸಂಬಳದಲ್ಲಿದ್ದರು. ಆ ಉಳಿತಾಯದ ಹೊತ್ತಿನಲ್ಲೇ, 2024ರ ಬೇಸಿಗೆಯಲ್ಲಿ, ಐಸಯ್ಯಾ ಹಾರ್ಟನ್‌ಸ್ಟೈನ್‌ಗೆ ಮೂರು ವರ್ಷಕ್ಕೆ 8.7 ಕೋಟಿ ಡಾಲರ್ ಕೊಡಲು ಆಯಿತು.

ಹುಡುಗರ ಸುತ್ತ ಯಾರಿದ್ದಾರೆ?

ಡೆಟ್ರಾಯ್ಟ್ ಪಿಸ್ಟನ್ಸ್ 2023-24ರಲ್ಲಿ ಸತತ 28 ಪಂದ್ಯ ಸೋತು 14-68ಕ್ಕೆ ನಿಂತಿತು. ಕೇಡ್ ಕನಿಂಗ್‌ಹ್ಯಾಮ್, ಜೇಡನ್ ಐವಿ, ಜೇಲನ್ ಡ್ಯೂರೆನ್, ಆಸಾರ್ ಥಾಂಪ್ಸನ್: ಪ್ರತಿಭೆಗೆ ಬರವಿರಲಿಲ್ಲ. ಆದರೆ ದೂರದಿಂದ ಎಸೆಯಬಲ್ಲವರು ಕಡಿಮೆ. ಕನಿಂಗ್‌ಹ್ಯಾಮ್ ಚೆಂಡು ಹಿಡಿದು ಒಳನುಗ್ಗಿದರೆ, ಎದುರಾಳಿಗಳು ಶೂಟ್ ಮಾಡಲಾರದವರನ್ನು ಬಿಟ್ಟು ಒಳಗೇ ಗುಂಪುಗೂಡುತ್ತಿದ್ದರು. 2024ರ ಬೇಸಿಗೆಯಲ್ಲಿ ಬಂದ ಟ್ರಜಾನ್ ಲ್ಯಾಂಗ್ಡನ್ ಆ ಹುಡುಗರನ್ನು ಹಾಗೇ ಇಟ್ಟುಕೊಂಡು ಟೋಬಯಸ್ ಹ್ಯಾರಿಸ್, ಮಲಿಕ್ ಬೀಸ್ಲಿ, ಟಿಮ್ ಹಾರ್ಡವೇ ಜೂನಿಯರ್‌ರನ್ನು ತಂದರು, ಕೋಚ್ ಬದಲಿಸಿ ಜೆ.ಬಿ. ಬಿಕರ್‌ಸ್ಟಾಫ್‌ರನ್ನು ಕರೆದರು. ಬೀಸ್ಲಿಗೆ ಒಂದು ವರ್ಷಕ್ಕೆ 60 ಲಕ್ಷ ಡಾಲರ್. ಆ ಋತುವಿನಲ್ಲಿ ಹಾಕಿದ ಮೂರು ಅಂಕದ ಬಾಸ್ಕೆಟ್‌ಗಳು 300ಕ್ಕೂ ಹೆಚ್ಚು. ತಂಡ 44-38. ಹಿಂದಿನ ಜಿಎಂ ಟ್ರಾಯ್ ವೀವರ್ ಆರಿಸಿದ ಹುಡುಗರು ಸರಿಯಾಗೇ ಇದ್ದರು, ಸುತ್ತಲಿನ ಜೋಡಣೆ ಇರಲಿಲ್ಲ. ಇಬ್ಬರಿಗೂ ಬೇರೆ ಬೇರೆ ಕಂಬದಲ್ಲಿ ಅಂಕ ಕೊಡಿ.

ನಿಮ್ಮ ತಂಡದಲ್ಲಿ ಇದನ್ನು ಪರೀಕ್ಷಿಸುವುದು ಸುಲಭ. ಎಳೆಯ ಮುಖ್ಯ ಆಟಗಾರ ಅಂಗಣದಲ್ಲಿರುವ ನಿಮಿಷಗಳಲ್ಲಿ ಉಳಿದ ನಾಲ್ವರಲ್ಲಿ ಎಷ್ಟು ಮಂದಿಯನ್ನು ಎದುರಾಳಿ ಮೂರು ಅಂಕದ ಗೆರೆಯ ಬಳಿ ಬಿಡದೆ ಕಾಯುತ್ತಾನೆ, ಎಣಿಸಿ. ಇಬ್ಬರಿಗಿಂತ ಕಡಿಮೆಯಿದ್ದರೆ ಹುಡುಗನ ಅಂಕಿಅಂಶ ನೋಡಿ ತೀರ್ಪು ಕೊಡಬೇಡಿ, ಜಿಎಂ ಮೇಲೆ ಕೊಡಿ.

ಯಾವ ತಂಡಕ್ಕೆ ಯಾವ ದಾರಿ

ಬೇರೆಯವರು ಬಾಯಿ ಬಿಟ್ಟು ಬಯಸುವ ಸ್ಟಾರ್ ಇದ್ದು, ಒಪ್ಪಂದದಲ್ಲಿ ಎರಡು ವರ್ಷವಾದರೂ ಉಳಿದಿದ್ದರೆ ಎರಡನೇ ದಾರಿ. ಒಂದೇ ವರ್ಷ ಉಳಿದ ಮೇಲೆ ಮಾರಿದರೆ ಬೆಲೆ ಇಳಿಯುತ್ತದೆ, ಆ ತಡಕ್ಕೆ ಜಿಎಂ ಅಂಕ ಕಳೆಯಿರಿ. ಸ್ಟಾರ್ ಇಲ್ಲ, 25-28 ವಯಸ್ಸಿನ ಒಳ್ಳೆಯವರು ಇಬ್ಬರು ಮೂವರಿದ್ದಾರೆ ಎಂದರೆ ಮೂರನೇ ದಾರಿ. ಎರಡೂ ಇಲ್ಲದವರಿಗೆ ಮಾತ್ರ ಮೊದಲನೆಯದು, ಅದೂ ತನ್ನ ಪಿಕ್ ತನ್ನ ಕೈಯಲ್ಲೇ ಇದ್ದರೆ. ಪಿಕ್ ಬೇರೆಯವರಿಗೆ ಬರೆದುಕೊಟ್ಟು ತಾನು ಸೋಲುತ್ತಾ ಕೂರುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. 2013ರ ನಂತರದ ನೆಟ್ಸ್‌ಗೆ ಆದದ್ದು ಅದೇ.

ತೀರ್ಪಿನ ಹೊತ್ತು ಕೂಡ ದಾರಿಗೆ ತಕ್ಕಂತೆ. ಮೂರನೇ ದಾರಿಯವರನ್ನು ಎರಡು ವರ್ಷಕ್ಕೇ ಕೇಳಬಹುದು: ಕಳೆದ 18 ತಿಂಗಳಲ್ಲಿ ಯಾವ ಕೊಂಡಿ ಬದಲಾಯಿತು? ಎರಡನೆಯವರಿಗೆ ಮೊದಲ ವರ್ಷವೇ ಅರ್ಧ ಅಂಕ ಕೊಡಬಹುದು, ಏಕೆಂದರೆ ಮಾರಿದ ಬೆಲೆ ಅಂದೇ ಕಾಣುತ್ತದೆ. ಉಳಿದರ್ಧಕ್ಕೆ ನಾಲ್ಕು ವರ್ಷ ಬೇಕು. ಮೊದಲ ದಾರಿಯವರನ್ನು ಕೇಳಬೇಕಾದ್ದು ಮೊದಲ ದೊಡ್ಡ ಪಿಕ್‌ನ ಮೂರನೇ ಋತುವಿನ ಅಕ್ಟೋಬರ್‌ನಲ್ಲಿ. ಹೂಸ್ಟನ್ ರಾಕೆಟ್ಸ್ 17, 20, 22 ಗೆಲುವಿನ ಮೂರು ಋತು ಮುಗಿಸಿ 2023ರ ಬೇಸಿಗೆಯಲ್ಲಿ ಈಮೆ ಉಡೋಕ, ಫ್ರೆಡ್ ವ್ಯಾನ್‌ವ್ಲೀಟ್, ಡಿಲನ್ ಬ್ರೂಕ್ಸ್‌ರನ್ನು ಒಟ್ಟಿಗೆ ತಂದಿತು. 41, ನಂತರ 52 ಗೆಲುವು. ಆ ಅಕ್ಟೋಬರ್‌ಗೆ ನಿಮ್ಮ ತಂಡದಲ್ಲಿ ಇನ್ನೂ ಕ್ಯಾಪ್ ಜಾಗ ಖಾಲಿ ಬಿದ್ದಿದ್ದು, ಹುಡುಗರ ಪಕ್ಕದಲ್ಲಿ ಹುಡುಗರೇ ನಿಂತಿದ್ದರೆ, ಹಾಳೆಯ ಐದನೇ ಕಂಬದಲ್ಲಿ ಬರೆಯಲು ಏನಿದೆ ಎಂದು ಒಮ್ಮೆ ನೋಡಿ.